ಸಮುದ್ರಕ್ಕೆ ಸುಳ್ಳು ತೂಕ ಹೇಳಬಾರದು

ಸಂತೆಯಲ್ಲಿ ತೂಕದ ಮೋಸವಾದರೆ ನಷ್ಟ ಕೊಂಡವನಿಗೆ. ಬೇಳೆ ನೂರು ಗ್ರಾಂ ಕಡಿಮೆ ಬಂತೆಂದು ಆತ ಗೊಣಗಿಕೊಳ್ಳುತ್ತಾನೆ, ಮುಂದಿನ ವಾರ ಬೇರೆ ಅಂಗಡಿಯ ಮುಂದೆ ನಿಲ್ಲುತ್ತಾನೆ. ಅಲ್ಲಿಗೆ ವಿಷಯ ಮುಗಿಯಿತು. ಹಡಗಿಗೆ ಸರಕು ಹೇರುವಾಗ ತೂಕ ತಪ್ಪಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ತಪ್ಪು ಲೆಕ್ಕ ಬರೆದವನು ದಡದಲ್ಲಿ ಉಳಿಯುತ್ತಾನೆ. ಅದರ ಬೆಲೆ ತೆರುವವರು ನಡುಗಡಲಿನಲ್ಲಿರುತ್ತಾರೆ. ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿಯೂ ಇರುವುದಿಲ್ಲ.

ಭಾರದ ವಸ್ತುಗಳನ್ನು ದೂರದ ದೇಶಕ್ಕೆ ಕಳಿಸಬೇಕಾದರೆ ಇಂದಿಗೂ ಹಡಗೇ ಗತಿ. ದೇಶ ದೇಶಗಳ ನಡುವೆ ಓಡಾಡುವ ಸರಕಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಸಮುದ್ರದ ಮೇಲೆಯೇ ಹೋಗುತ್ತದೆ. ಅದಿರು, ಕಲ್ಲಿದ್ದಲು, ಗೋಧಿ, ಗೊಬ್ಬರ, ಯಂತ್ರ, ಗ್ರಾನೈಟ್ ಬಂಡೆ ಎಲ್ಲವೂ ಹೀಗೇ ಹೋಗುವುದು. ಕಾರಣ ಸರಳವಾಗಿದೆ. ವಿಮಾನ ತನ್ನ ಭಾರವನ್ನು ಸದಾ ಎತ್ತಿ ಹಿಡಿದಿರಬೇಕು. ಹಡಗಿನ ಭಾರವನ್ನು ನೀರೇ ಹೊರುತ್ತದೆ. ಇಂಜಿನ್ನಿಗೆ ಉಳಿಯುವುದು ಮುಂದಕ್ಕೆ ತಳ್ಳುವ ಕೆಲಸ ಮಾತ್ರ.

ಸಾಗಣೆಯ ಬಾಡಿಗೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಬಿಡಿ ಸರಕನ್ನು ಹಡಗಿನಲ್ಲಿ ಕಳಿಸುವಾಗ ಒಂದು ಘನ ಮೀಟರ್ ಜಾಗ ಅಥವಾ ಒಂದು ಟನ್ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುವುದು ರೂಢಿ. ಒಂದು ಘನ ಮೀಟರ್ ಸಿಹಿನೀರಿನ ತೂಕವೂ ಒಂದು ಟನ್ನೇ ಎಂಬುದು ಮಕ್ಕಳಿಗೆ ಗೊತ್ತಿರುವ ಸಂಗತಿ. ಅಂದರೆ ನೀರಿಗಿಂತ ಹಗುರವಾದದ್ದು ಜಾಗಕ್ಕೆ ಹಣ ಕೊಡುತ್ತದೆ, ನೀರಿಗಿಂತ ಸಾಂದ್ರವಾದದ್ದು ತೂಕಕ್ಕೆ ಕೊಡುತ್ತದೆ. ವಿಮಾನದಲ್ಲಾದರೆ ಅದೇ ಒಂದು ಘನ ಮೀಟರನ್ನು ಸುಮಾರು 167 ಕಿಲೋ ಎಂದು ಎಣಿಸುವುದು ವಾಡಿಕೆ. ಅಜ್ಜಿಯ ಕಾಲದ ಒರಳುಕಲ್ಲು ಪರದೇಶದ ಮೊಮ್ಮಗಳ ಮನೆ ಸೇರಬೇಕಾದರೆ ಹಡಗನ್ನೇ ಏಕೆ ಹತ್ತಬೇಕು ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಹಾಗಾದರೆ ಎಷ್ಟು ಹೇರಿದರೂ ಸಮುದ್ರ ಹೊರುತ್ತದೆಯೇ? ಆರ್ಕಿಮಿಡೀಸನ ನಿಯಮದ ಪ್ರಕಾರ ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಡಗಿಗೆ ಒಂದು ಟನ್ ಹೆಚ್ಚು ಹೇರಿದರೆ ಅದು ಇನ್ನೊಂದು ಟನ್ ನೀರನ್ನು ಸರಿಸುವಷ್ಟು ಕೆಳಗಿಳಿಯುತ್ತದೆ. ಹೀಗಾಗಿ ಹಡಗೇ ಒಂದು ದೊಡ್ಡ ತಕ್ಕಡಿ. ಅದಿರಿನಂಥ ಸರಕು ತುಂಬುವ ಮೊದಲು ಮತ್ತು ತುಂಬಿದ ಮೇಲೆ ಹಡಗು ಎಷ್ಟು ಮುಳುಗಿದೆ ಎಂದು ಅಳೆದು, ಸರಕಿನ ತೂಕವನ್ನು ಲೆಕ್ಕ ಹಾಕುವ ಪದ್ಧತಿ ಬಂದರುಗಳಲ್ಲಿ ಇಂದಿಗೂ ಇದೆ. ನೀರಿನ ಮಟ್ಟಕ್ಕೂ ಹಡಗಿನ ಅಟ್ಟಕ್ಕೂ ನಡುವೆ ಉಳಿಯುವ ಎತ್ತರವೇ ಅಲೆ ಬಂದಾಗ ಅದನ್ನು ಕಾಯುವ ಆಸ್ತಿ. ಆಸೆಗೆ ಬಿದ್ದು ಹೆಚ್ಚು ಹೇರಿದಷ್ಟೂ ಈ ಆಸ್ತಿ ಕರಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಆದದ್ದು ಇದೇ. ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ದೊಡ್ಡ ಮೊತ್ತಕ್ಕೆ ವಿಮೆ ಮಾಡಿಸಿ ಸಮುದ್ರಕ್ಕೆ ಬಿಡುವ ಮಾಲೀಕರಿದ್ದರು. ತಲುಪಿದರೆ ಲಾಭ; ಮುಳುಗಿದರೆ ವಿಮೆಯ ಹಣ. ಅಂಥವನ್ನು ಜನ ಶವಪೆಟ್ಟಿಗೆಯ ಹಡಗುಗಳೆಂದೇ ಕರೆಯುತ್ತಿದ್ದರು. ಕಲ್ಲಿದ್ದಲ ವ್ಯಾಪಾರದಲ್ಲಿ ಒಮ್ಮೆ ಸೋತು ಬಡತನ ಕಂಡಿದ್ದ ಸ್ಯಾಮುಯೆಲ್ ಪ್ಲಿಮ್ಸಾಲ್ 1868ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದ. ನಾವಿಕರ ಪಾಡಿನ ಬಗ್ಗೆ 1873ರಲ್ಲಿ ಪುಸ್ತಕ ಬರೆದ. 1875ರ ಜುಲೈನಲ್ಲಿ ಸರ್ಕಾರ ಹಡಗುಗಳ ಸುರಕ್ಷತೆಯ ಮಸೂದೆಯನ್ನು ಕೈಬಿಡಲು ಹೊರಟಾಗ ಸಭೆಯಲ್ಲೇ ಸಿಟ್ಟಿನಿಂದ ಕೂಗಾಡಿದ. ಆಮೇಲೆ ಸಭೆಯ ಕ್ಷಮೆ ಕೇಳಿದ. ಆದರೆ ಹಟ ಬಿಡಲಿಲ್ಲ. ಜನ ಅವನ ಬೆನ್ನಿಗೆ ನಿಂತರು. 1876ರಲ್ಲಿ ಕಾನೂನು ಬಂತು. ಹಡಗಿನ ಒಡಲ ಮೇಲೆ, ಇದಕ್ಕಿಂತ ಹೆಚ್ಚು ಮುಳುಗಬಾರದು ಎಂಬ ಗೆರೆ ಬಿತ್ತು.

ತಮಾಷೆಯೆಂದರೆ, ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಮೊದಲಿನ ಕಾನೂನು ಮಾಲೀಕನಿಗೇ ಬಿಟ್ಟಿತ್ತು. ತಕ್ಕಡಿಯ ಮುಳ್ಳನ್ನು ವ್ಯಾಪಾರಿಯ ಕೈಗೇ ಕೊಟ್ಟ ಹಾಗೆ! 1890ರಲ್ಲಿ ಆ ಲೋಪವನ್ನು ತಿದ್ದಲಾಯಿತು. 1930ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. 1966ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಇಂದು ಸರಕು ಹಡಗಿನ ಪಕ್ಕದಲ್ಲಿ ಒಂದು ವೃತ್ತ, ಅದನ್ನು ಅಡ್ಡಲಾಗಿ ಸೀಳಿದ ಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂಥ ಕೆಲವು ಗೆರೆಗಳು ಕಾಣುತ್ತವೆ. ಮೇಲಿನವು ಸಿಹಿನೀರಿಗೆ, ಅವುಗಳ ಕೆಳಗೆ ಉಷ್ಣವಲಯದ ಸಮುದ್ರಕ್ಕೆ, ಬೇಸಿಗೆಗೆ, ಚಳಿಗಾಲಕ್ಕೆ ಒಂದೊಂದು. ಸಣ್ಣ ಹಡಗುಗಳಿಗಾದರೆ ಎಲ್ಲಕ್ಕಿಂತ ಕೆಳಗೆ ಉತ್ತರ ಅಟ್ಲಾಂಟಿಕ್‌ನ ಚಳಿಗಾಲಕ್ಕೆಂದು ಇನ್ನೊಂದು ಗೆರೆ. ಬಿರುಗಾಳಿಯ ಕಡಲಿಗೆ ಹೋಗುವ ಹಡಗು ಕಡಿಮೆ ಹೇರಿಕೊಳ್ಳಬೇಕು ಎಂಬುದು ಇದರ ಅರ್ಥ. ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1025 ಕಿಲೋ. ಆದ್ದರಿಂದ ನದಿಯ ಬಂದರಿನಲ್ಲಿ ತುಸು ಹೆಚ್ಚು ಮುಳುಗಿದ ಹಡಗು ಕಡಲಿಗೆ ಬಂದಾಗ ತಾನಾಗಿಯೇ ಮೇಲೇಳುತ್ತದೆ. ಪರೀಕ್ಷೆಯ ಪ್ರಶ್ನೆಯೊಂದು ಇಲ್ಲಿ ಬಣ್ಣದ ಗೆರೆಯಾಗಿ ನಿಂತಿದೆ.

ಆದರೆ ಗೆರೆ ಹೇಳುವುದು ಒಟ್ಟು ಭಾರವನ್ನು ಮಾತ್ರ. ಒಡಲೊಳಗೆ ಏನಿದೆ, ಹೇಗಿದೆ ಎಂಬುದು ಅದಕ್ಕೆ ಕಾಣದು.

2009ರ ಜುಲೈ ತಿಂಗಳು, ಮಳೆಗಾಲ. ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ನವಮಂಗಳೂರು ಬಂದರಿನಿಂದ ಚೀನಾಕ್ಕೆ ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಹೆಚ್ಚು ದೂರ ಹೋಗುವ ಮೊದಲೇ ಒಂದು ಕಡೆಗೆ ವಾಲಿತು. ಅದರಲ್ಲಿದ್ದ 18 ನಾವಿಕರನ್ನು ಕರಾವಳಿ ಕಾವಲು ಪಡೆಯವರು ಪಾರುಮಾಡಿದರು, ಹಡಗು ಮುಳುಗಿತು. ಅದೇ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಬಳಿ ಅದಿರು ತುಂಬಿದ್ದ ‘ಬ್ಲ್ಯಾಕ್ ರೋಸ್’ ಮುಳುಗಿತು. ಅಲ್ಲಿ ಒಬ್ಬರು ಸತ್ತರು. 2010ರ ಕೊನೆಯ ಮೂರು ತಿಂಗಳಲ್ಲಿ ಇಂಡೋನೇಷ್ಯಾದಿಂದ ನಿಕ್ಕಲ್ ಅದಿರು ಹೊತ್ತು ಹೊರಟ ಮೂರು ಹಡಗುಗಳು ಮುಳುಗಿ 44 ನಾವಿಕರು ಪ್ರಾಣ ಕಳೆದುಕೊಂಡರು.

ಒಣಗಿದ ಮಣ್ಣಿನ ಗುಡ್ಡೆಯಂತೆ ಕಾಣುವ ಅದಿರು ಹಡಗನ್ನು ಮುಳುಗಿಸುವುದು ಹೇಗೆ? ನುಣ್ಣನೆಯ ಅದಿರಿನ ಕಣಗಳ ಸಂದಿನಲ್ಲಿ ಗಾಳಿಯೂ ತೇವವೂ ಇರುತ್ತವೆ. ಇಂಜಿನ್ನಿನ ಕಂಪನಕ್ಕೆ, ಅಲೆಗಳ ತೂಗಾಟಕ್ಕೆ ಕಣಗಳು ಒತ್ತೊತ್ತಾಗಿ ಕೂರುತ್ತವೆ. ಸಂದು ಕಿರಿದಾಗಿ ನೀರಿನ ಒತ್ತಡ ಏರುತ್ತದೆ. ಕಡೆಗೆ ಕಣಕ್ಕೂ ಕಣಕ್ಕೂ ಇದ್ದ ಹಿಡಿತ ತಪ್ಪಿ ಇಡೀ ರಾಶಿ ಕೆಸರಿನಂತೆ ಹರಿಯುತ್ತದೆ. ಹಡಗು ಎಡಕ್ಕೆ ವಾಲಿದಾಗ ಎಡಕ್ಕೆ ಜಾರಿದ ಆ ಕೆಸರು ಬಲಕ್ಕೆ ಪೂರ್ತಿಯಾಗಿ ಮರಳುವುದಿಲ್ಲ. ಮುಂದಿನ ಅಲೆಗೆ ವಾಲುವಿಕೆ ಇನ್ನಷ್ಟು ಹೆಚ್ಚುತ್ತದೆ. ಹಡಗು ಮಗುಚಲು ಕೆಲವೊಮ್ಮೆ ಕೆಲವೇ ನಿಮಿಷ ಸಾಕು.

ಇದಕ್ಕೆ ಹಡಗಿನವರು ಮಾಡುವ ಒಂದು ಸರಳ ಪರೀಕ್ಷೆಯಿದೆ. ಅರ್ಧದಿಂದ ಒಂದು ಲೀಟರಿನ ಡಬ್ಬಿಯಲ್ಲಿ ಅರ್ಧದಷ್ಟು ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟುವುದು. ಮೇಲೆ ನೀರು ಒಸರಿದರೆ ಆ ಸರಕನ್ನು ಹೇರುವ ಮೊದಲು ಮತ್ತೆ ಪರೀಕ್ಷಿಸಬೇಕು. ಒದ್ದೆ ನುಣ್ಣನೆ ಮರಳು ಸಿಕ್ಕರೆ ಮಕ್ಕಳು ಮನೆಯಂಗಳದಲ್ಲೇ ಮಾಡಿ ನೋಡಬಹುದು. ಆದರೆ ನೀರು ಕಾಣಲಿಲ್ಲವೆಂದ ಮಾತ್ರಕ್ಕೆ ಸರಕು ಸುರಕ್ಷಿತ ಎನ್ನುವ ಹಾಗಿಲ್ಲ. ಖಚಿತ ಉತ್ತರ ಪ್ರಯೋಗಾಲಯದಿಂದಲೇ ಬರಬೇಕು. 2011ರ ಜನವರಿ 1ರಿಂದ ಕಡ್ಡಾಯವಾದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಇಂಥ ಸರಕಿನಲ್ಲಿ ತೇವ ಎಷ್ಟಿದೆ, ಎಷ್ಟರವರೆಗೆ ಇರಬಹುದು ಎಂಬುದನ್ನು ಕಳಿಸುವವರೇ ಬರೆದುಕೊಡಬೇಕು. ನಡುವೆ ಜೋರು ಮಳೆ ಸುರಿದರೆ ತೇವವನ್ನು ಮತ್ತೆ ಅಳೆಯಬೇಕು. ಇಲ್ಲಿ ಹಡಗಿನ ಕ್ಯಾಪ್ಟನ್ ನಂಬುವುದು ಒಂದು ಹಾಳೆಯನ್ನು. ಆ ಹಾಳೆಯನ್ನು ತುಂಬಿದವನ ಕೈಯನ್ನು.

ಕಂಟೇನರಿನ ಕಥೆಯೂ ಬೇರೆಯಲ್ಲ. 1956ರ ಏಪ್ರಿಲಿನಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ ಮೇಲೆ ಈ ಪದ್ಧತಿ ಬೆಳೆಯಿತು. ಪೆಟ್ಟಿಗೆಯ ಬಾಗಿಲು ಮುಚ್ಚಿ ಮೊಹರು ಬಿದ್ದ ಮೇಲೆ ಒಳಗಿನದು ಯಾರಿಗೂ ಕಾಣದು. 20 ಅಡಿ ಉದ್ದದ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗ; ಹೊರಬಹುದಾದ ಸರಕು ಹೆಚ್ಚೆಂದರೆ 28 ಟನ್ನಿನ ಆಸುಪಾಸು. ಇಳಕಲ್ಲಿನ ಕೆಂಪು ಕಲ್ಲೋ ಚಾಮರಾಜನಗರದ ಕರಿಕಲ್ಲೋ ಆದರೆ ಘನ ಮೀಟರಿಗೆ ಸುಮಾರು 2.7 ಟನ್ ಅಥವಾ ಅದಕ್ಕಿಂತ ಹೆಚ್ಚು. ಲೆಕ್ಕ ಮಾಡಿದರೆ ಹತ್ತು ಘನ ಮೀಟರಿಗೇ ಪೆಟ್ಟಿಗೆಯ ಮಿತಿ ಮುಗಿಯುತ್ತದೆ. ಮೂರರಲ್ಲಿ ಎರಡು ಪಾಲು ಖಾಲಿ! ಇನ್ನೂ ಜಾಗವಿದೆಯಲ್ಲ ಎಂದು ಇನ್ನೆರಡು ಚಪ್ಪಡಿ ತುರುಕಲು ಕೈ ತುರಿಸುವುದು ಸಹಜ. ಹಡಗಿನ ಮೇಲೆ ಇಂಥ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಹಗುರವೆಂದು ಬರೆದ ಭಾರದ ಪೆಟ್ಟಿಗೆ ಮೇಲಕ್ಕೆ ಹೋದರೆ ಕೆಳಗಿನದು ನಲುಗುತ್ತದೆ, ಹಡಗಿನ ಗುರುತ್ವ ಕೇಂದ್ರವೂ ಮೇಲೇರುತ್ತದೆ.

2007ರ ಜನವರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ‘ಎಂ.ಎಸ್.ಸಿ. ನಾಪೊಲಿ’ ಎಂಬ ಕಂಟೇನರ್ ಹಡಗಿನ ಒಡಲು ಬಿರುಗಾಳಿಗೆ ಬಿರುಕು ಬಿಟ್ಟಿತು. 26 ಮಂದಿಯೂ ಬದುಕಿದರು. ಆಮೇಲೆ ಅಟ್ಟದ ಮೇಲಿದ್ದ, ನೀರು ಸೇರದ ಸುಮಾರು 660 ಪೆಟ್ಟಿಗೆಗಳನ್ನು ತೂಗಿದಾಗ, ಅವುಗಳಲ್ಲಿ 137ರ ತೂಕಕ್ಕೂ ಕಾಗದದಲ್ಲಿ ಬರೆದ ತೂಕಕ್ಕೂ 3 ಟನ್ನಿಗಿಂತ ಹೆಚ್ಚಿನ ಅಂತರವಿತ್ತು. ಒಡಲು ಬಿರುಕು ಬಿಡಲು ಅದೊಂದೇ ಕಾರಣವಲ್ಲ, ಮುಖ್ಯ ಕಾರಣವೂ ಅಲ್ಲ. ಆದರೆ ಐದರಲ್ಲಿ ಒಂದು ಪೆಟ್ಟಿಗೆ ಸುಳ್ಳು ಹೇಳುತ್ತಿತ್ತು ಎಂಬುದು ಬಯಲಾಯಿತು. 2016ರ ಜುಲೈ 1ರಿಂದ ಜಗತ್ತಿನಾದ್ಯಂತ ನಿಯಮ ಬಿಗಿಯಾಯಿತು. ತುಂಬಿದ ಕಂಟೇನರನ್ನು ತೂಗಬೇಕು. ಇಲ್ಲವೇ ಒಳಗಿನ ಒಂದೊಂದು ವಸ್ತುವನ್ನೂ ತೂಗಿ, ಆಧಾರಕ್ಕಿಟ್ಟ ಮರದ ತುಂಡುಗಳ ತೂಕವನ್ನೂ ಖಾಲಿ ಪೆಟ್ಟಿಗೆಯ ತೂಕವನ್ನೂ ಕೂಡಿಸಬೇಕು. ದೃಢಪಡಿಸಿದ ತೂಕವಿಲ್ಲದ ಪೆಟ್ಟಿಗೆಯನ್ನು ಹಡಗಿಗೆ ಹತ್ತಿಸುವಂತಿಲ್ಲ.

ಇವೆಲ್ಲ ದೊಡ್ಡ ವ್ಯಾಪಾರಿಗಳ ಮಾತಾಯಿತು, ಮನೆಮಂದಿಗೇನು ಎನ್ನುವಂತಿಲ್ಲ. ಮಗನಿಗೋ ಮಗಳಿಗೋ ಪರದೇಶಕ್ಕೆ ಸಾಮಾನು ಕಳಿಸುವ ತಂದೆತಾಯಿಯ ಮುಂದೆಯೂ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಪಾತ್ರೆ, ಪುಸ್ತಕ ಎಂದು ಬರೆದು ಮುಗಿಸಿ, ಮೂಲೆಯಲ್ಲಿ ಒಂದು ಡಬ್ಬ ಬಣ್ಣವನ್ನೋ ಹಳೆಯ ಬ್ಯಾಟರಿಯನ್ನೋ ತೂರಿಸುವುದು ಸುಲಭ. ಯಾರು ಬಿಚ್ಚಿ ನೋಡುತ್ತಾರೆ ಎಂಬ ಧೈರ್ಯ. ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ಅದು ಹೊತ್ತಿಕೊಂಡರೆ ಆರಿಸಲು ಓಡುವವರು ಬೇರೆಯವರ ಮಕ್ಕಳು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಎಷ್ಟೋ ಹುಡುಗರು ಇಂದು ಇಂಥ ಹಡಗುಗಳಲ್ಲೇ ದುಡಿಯುತ್ತಿದ್ದಾರೆ.

ಹೊರಗಿನ ಗೆರೆಯನ್ನು ಪ್ಲಿಮ್ಸಾಲ್ ಹಟ ಹಿಡಿದು ಎಳೆಸಿದ. ಅದು ಮುಳುಗಿದರೆ ದಡದಲ್ಲಿ ನಿಂತ ಯಾರಿಗೂ ಕಂಡೀತು. ಒಳಗಿನ ಗೆರೆ ಹಾಗಲ್ಲ. ಅದನ್ನು ಸರಕು ಕಳಿಸುವ ಪ್ರತಿಯೊಬ್ಬರೂ ತಾವೇ ಎಳೆಯಬೇಕು. ತೇವ ಅಳೆಯುವ ನೌಕರ, ತಕ್ಕಡಿಯ ಮುಂದೆ ಕೂತ ಗುಮಾಸ್ತ, ಮನೆಸಾಮಾನಿನ ಪಟ್ಟಿ ಬರೆಯುವ ಗೃಹಿಣಿ ಎಲ್ಲರಿಗೂ ಅದು ಅನ್ವಯ. ಇಂದು ವಿಜ್ಞಾನದ ತರಗತಿಯಲ್ಲಿ ಸಾಂದ್ರತೆಯ ಲೆಕ್ಕ ಮಾಡುತ್ತಿರುವ ಮಕ್ಕಳಲ್ಲಿ ಕೆಲವರು ನಾಳೆ ಆ ಕುರ್ಚಿಗಳಲ್ಲಿ ಕೂರುತ್ತಾರೆ. ಪ್ರಯೋಗದ ಫಲಿತಾಂಶ ಪುಸ್ತಕದ ಉತ್ತರಕ್ಕೆ ಹೊಂದಲಿಲ್ಲವೆಂದು ಅಂಕಿಯನ್ನು ತಿದ್ದಿ ಬರೆಯುವ ಅಭ್ಯಾಸವಿದ್ದರೆ ಅದನ್ನು ಈಗಲೇ ಬಿಡುವುದು ಒಳ್ಳೆಯದು. ಶಾಲೆಯಲ್ಲಿ ಅದಕ್ಕೆ ಹೋಗುವುದು ಒಂದೆರಡು ಅಂಕ. ಬಂದರಿನಲ್ಲಿ ಹಾಗಲ್ಲ.