ಒಂದು ಹಲ್ಲಿನ ಕಥೆ

ಹಲ್ಲು ಮುರಿಯುವುದೆಂದರೆ ನಮ್ಮಲ್ಲಿ ಜಗಳದ ಮಾತು. ನಾನು ಹೇಳಹೊರಟಿರುವ ಹಲ್ಲನ್ನು ಮುರಿದವನು ನಾನೇ. ಆದರೆ ಅದಕ್ಕೆ ಜಗಳ ಕಾರಣವಲ್ಲ, ನನ್ನ ಅವಸರ ಕಾರಣ.

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಒಂದು ತಗಡಿನ ಷೆಡ್ಡಿನಲ್ಲಿ ನಮ್ಮ ತಂದೆಯವರ ಲೇತ್ ಇದೆ. 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ.ಯವರು ನಮ್ಮ ಜಾಲಹಳ್ಳಿಯಲ್ಲಿಯೇ ಲೇತ್‌ಗಳನ್ನು ತಯಾರಿಸಿದರು. ನಮ್ಮದು ಅಂಥ ಕುಲೀನ ಯಂತ್ರವಲ್ಲ. ಪಂಜಾಬಿನ ಬಟಾಲದಿಂದ ಬಂದ, ಮೂರು ಮೆಟ್ಟಿಲ ರಾಟೆಗೆ ಬೆಲ್ಟು ಹಾಕಿ ಓಡಿಸುವ ಮುದುಕ. ಬೆಲ್ಟಿನಿಂದ ಮೂರು ವೇಗ. ಬ್ಯಾಕ್ ಗೇರನ್ನು ಕೂಡಿಸಿದರೆ ಇನ್ನೂ ಮೂರು ನಿಧಾನದ ವೇಗ. ದಪ್ಪ ಸರಕಿಗೂ ಥ್ರೆಡ್ ಹಾಕುವುದಕ್ಕೂ ಈ ನಿಧಾನವೇ ಬೇಕು.

ಕಳೆದ ದಸರಾ ರಜೆಯ ಒಂದು ಶನಿವಾರ. ಯಂತ್ರದ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ. ತಂದೆಯವರು ಊಟಕ್ಕೆ ಹೋಗಿದ್ದಾಗ, ಬಿಗಿದು ಕುಳಿತಿದ್ದ ಚಕ್ಕನ್ನು ಬಿಚ್ಚಿಟ್ಟು ಅವರನ್ನು ಮೆಚ್ಚಿಸಬೇಕೆಂದುಕೊಂಡೆ. ಸ್ಪಿಂಡಲ್ ತಿರುಗದಿರಲೆಂದು, ಪಿನ್ನು ತೆಗೆಯದೆಯೇ ಬ್ಯಾಕ್ ಗೇರನ್ನು ಕೂಡಿಸಿ, ಚಕ್ಕಿಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಹೊಡೆದೆ. ಚಕ್ಕು ಅಲುಗಲಿಲ್ಲ, ಗೇರಿನ ಹಲ್ಲೊಂದು ಟಣ್ಣೆಂದು ನೆಲಕ್ಕೆ ಬಿತ್ತು. ಬೀಡು ಬಾಗುವುದಿಲ್ಲ, ಹೇಳದೆ ಕೇಳದೆ ಮುರಿಯುತ್ತದೆ.

ಮಂಗಳವಾರದೊಳಗೆ ಇಪ್ಪತ್ತು ತುಂಡುಗಳಿಗೆ ಥ್ರೆಡ್ ಹಾಕಿ ಕೊಡಬೇಕಾಗಿತ್ತು. ನನ್ನ ಪರೀಕ್ಷೆಯ ಫೀಸು ಆ ಹಣದಿಂದಲೇ ಬರಬೇಕಾಗಿತ್ತು. ತಂದೆಯವರು ಬಂದು ನೋಡಿದರು. ನಾನು ತಲೆ ತಗ್ಗಿಸಿ ನಿಂತೆ.

"ಕೈಗೇನೂ ಆಗ್ಲಿಲ್ಲ ತಾನೆ?" ಎಂದರು. ಅಷ್ಟೇ.

ಹೊಸ ಗೇರು ಮಾಡಿಸಲು ದಿನಗಳು ಬೇಕು. ಅವರು ಮುರಿದ ಬುಡವನ್ನು ಸಮ ಮಾಡಿ, ಸಾಲಾಗಿ ಮೂರು ತೂತು ಕೊರೆದು, ಥ್ರೆಡ್ ಹಾಕಿ, ಉಕ್ಕಿನ ಸ್ಕ್ರೂಗಳನ್ನು ಗೂಟಗಳಂತೆ ನಿಲ್ಲಿಸಿದರು. ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಇಡೀ ಗೇರನ್ನು ಕಾಯಿಸಿ, ಗೂಟಗಳ ಮೇಲೆ ಹಿತ್ತಾಳೆ ಕರಗಿಸಿ ಕೂಡಿಸಿದರು. ಬೀಡು ಬೇಗ ಆರಿದರೆ ಬಿರುಕು ಬಿಡುತ್ತದೆ; ಆದ್ದರಿಂದ ರಾತ್ರಿಯೆಲ್ಲ ಅದನ್ನು ಬೂದಿಯಲ್ಲಿ ಹೂತಿಟ್ಟೆವು. ನನಗೂ ಅಂದು ನಿದ್ರೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ತಂದೆಯವರು ಪಕ್ಕದ ಹಲ್ಲಿನ ಅಳತೆಗೆ ತಗಡಿನಲ್ಲಿ ಒಂದು ಅಚ್ಚು ಕತ್ತರಿಸಿ, ಅರವನ್ನು ನನ್ನ ಕೈಗೆ ಕೊಟ್ಟರು. ಜೋಡಿ ಗೇರಿಗೆ ನೀಲಿ ಬಣ್ಣ ಸವರಿ ಕೈಯಿಂದ ತಿರುಗಿಸುವುದು. ಹಿತ್ತಾಳೆಯ ಮೇಲೆ ನೀಲಿ ಎಲ್ಲಿ ಹೆಚ್ಚಾಗಿ ಅಂಟಿತೋ ಅಲ್ಲಿ ಮಾತ್ರ ಅರ ಆಡಿಸುವುದು. ಮತ್ತೆ ತಿರುಗಿಸಿ ನೋಡುವುದು. ಹೆಚ್ಚು ಉಜ್ಜಿದರೆ ಹೋದದ್ದು ಮರಳಿ ಬಾರದು. "ಇನ್ನೊಂದು ಎಳೆ," ಎನ್ನುವುದನ್ನು ಬಿಟ್ಟು ಅವರು ಬೇರೆ ಮಾತನಾಡಲಿಲ್ಲ. ಮೂರು ಗಂಟೆಯ ಹೊತ್ತಿಗೆ ಹಲ್ಲಿಗೆ ಹಲ್ಲು ಸೇರಿತು. ಮಂಗಳವಾರ ಮಾಲು ಹೋಯಿತು, ಫೀಸನ್ನೂ ಕಟ್ಟಿದೆ.

ಕಪ್ಪು ಹಲ್ಲುಗಳ ನಡುವೆ ಆ ಹಳದಿ ಹಲ್ಲು ಸುತ್ತಿಗೊಮ್ಮೆ ಈಗಲೂ ಬಂದು ಹೋಗುತ್ತದೆ. ಷೆಡ್ಡಿಗೆ ಬಂದವರು, "ಇದ್ಯಾರ ಕೆಲಸ?" ಎಂದು ಕೇಳುತ್ತಾರೆ.

"ನಮ್ಮ ಹುಡುಗನದು," ಎನ್ನುತ್ತಾರೆ ತಂದೆಯವರು. ಮುರಿದದ್ದನ್ನು ಹೇಳುತ್ತಾರೋ ಅರ ಹಾಕಿದ್ದನ್ನು ಹೇಳುತ್ತಾರೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.