ಸಮಾಜ ಸೇವಕಿ ಅಲ್ಲ, ಸಮಾಜಕಾರ್ಯಕರ್ತೆ

ನಮ್ಮ ದೊಡ್ಡಮ್ಮನ ಮಗಳು ಎಂಎಸ್‌ಡಬ್ಲ್ಯೂ ಓದಿದವಳು. ಮದುವೆ ಮನೆಗಳಲ್ಲಿ ಯಾರಾದರೂ "ಏನ್ ಮಾಡ್ಕೊಂಡಿದೀಯಮ್ಮ?" ಅಂತ ಕೇಳಿ ಅವಳು ಉತ್ತರ ಹೇಳಿದರೆ, "ಓಹೋ, ಸಮಾಜ ಸೇವೆ! ಸರಿ, ಹೊಟ್ಟೆಪಾಡಿಗೆ?" ಅನ್ನೋ ಎರಡನೇ ಪ್ರಶ್ನೆ ಗ್ಯಾರಂಟಿ :) ಕೇಳಿದವರದ್ದೇನೂ ತಪ್ಪಿಲ್ಲ ಬಿಡಿ. ನಮ್ಮೂರ ಸರ್ಕಲ್ಲಿನ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತಿರೋ ಅಷ್ಟೂ ಜನ 'ಸಮಾಜ ಸೇವಕರು'. ಎರಡು ವರ್ಷ ಓದಿ, ಫೀಲ್ಡ್ ವರ್ಕ್ ಅಂತ ಊರೂರು ಅಲೆದವಳಿಗೂ ಅದೇ ಹೆಸರು. 'ಸಮಾಜಕಾರ್ಯ' ಅಂತ ಬೇರೆ ಪದವೇನೋ ಇದೆ, ಆದರೆ ಅದು ಕಾಲೇಜಿನ ಗೇಟು ದಾಟಿದ್ದು ಕಡಿಮೆ.

ಹೆಸರಿನ ಗೊಂದಲವಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಕ್ಕ ಒಂದು ಸಂಸ್ಥೆಯಲ್ಲಿ ಕೌನ್ಸೆಲಿಂಗ್ ಕೆಲಸ ಮಾಡುತ್ತಿದ್ದಳು. ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸೊಬ್ಬಳು ಇವಳ ಹತ್ತಿರ ಎಲ್ಲಾ ಹೇಳಿಕೊಂಡಿದ್ದಳಂತೆ. ಆ ಗಂಡ ಸಂಸ್ಥೆಯ ಮೇಲಿನವರಿಗೆ ಪರಿಚಯ. "ಆ ಫೈಲ್ ಸ್ವಲ್ಪ ಕೊಡಮ್ಮ, ನೋಡಿ ಕೊಡ್ತೀವಿ" ಅಂದರು. ಅಕ್ಕ ಕೊಡಲಿಲ್ಲ. ಆಮೇಲೆ ಅವಳ ಕಾಂಟ್ರಾಕ್ಟ್ ಮುಂದುವರಿಯಲೂ ಇಲ್ಲ. ಕಾರಣ, ಬಜೆಟ್ ಇಲ್ಲವಂತೆ.

"ಡಾಕ್ಟರ್ ಆಗಿದ್ರೆ ಮೆಡಿಕಲ್ ಕೌನ್ಸಿಲ್ ನಿಯಮ ತೋರಿಸ್ತಿದ್ದೆ ಕಣೋ. ನಾನು ಯಾವ ಕಾಗದ ತೋರಿಸಲಿ?" ಅಂದಳು.

ಈ ಮಾತು ತಲೆ ಕೊರೆಯುತ್ತಿದ್ದಾಗ ಓದಿದ್ದು ಅಮೆರಿಕದ ಜಾಫಿ-ರೆಡ್ಮಂಡ್ ಮೊಕದ್ದಮೆಯ ಬಗ್ಗೆ. 1991ರಲ್ಲಿ ಇಲಿನಾಯ್ ರಾಜ್ಯದ ಪೊಲೀಸ್ ಅಧಿಕಾರಿ ರೆಡ್ಮಂಡ್ ಕರ್ತವ್ಯದಲ್ಲಿದ್ದಾಗ ಹಾರಿಸಿದ ಗುಂಡಿಗೆ ಒಬ್ಬ ಸತ್ತ. ಆಮೇಲೆ ಆಕೆ ಒಬ್ಬ ಸಮಾಜಕಾರ್ಯಕರ್ತೆಯ ಬಳಿ ಸುಮಾರು 50 ಸಲ ಕೌನ್ಸೆಲಿಂಗಿಗೆ ಹೋದಳು. ಸತ್ತವನ ಕಡೆಯವರು ಕೇಸು ಹಾಕಿ, ಆ ಟಿಪ್ಪಣಿ ಪುಸ್ತಕ ಕೊಡಿ ಅಂದರು. ಕೊಡಲ್ಲ ಅಂದಿದ್ದಕ್ಕೆ, ಅದರಲ್ಲಿರೋದು ಆಕೆಗೆ ವಿರುದ್ಧವಾಗಿದೆ ಅಂತಲೇ ಭಾವಿಸಬಹುದು ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. 5,45,000 ಡಾಲರ್ ಪರಿಹಾರದ ತೀರ್ಪು ಬಂತು! ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೊನೆಗೆ 1996ರಲ್ಲಿ ಸುಪ್ರೀಂ ಕೋರ್ಟು 7-2ರಲ್ಲಿ, ಚಿಕಿತ್ಸೆಯ ವೇಳೆ ಆಡಿದ ಗುಟ್ಟಿನ ಮಾತಿಗೆ ರಕ್ಷಣೆಯಿದೆ, ಲೈಸೆನ್ಸ್ ಇರುವ ಸಮಾಜಕಾರ್ಯಕರ್ತೆಗೆ ಹೇಳಿದ್ದಕ್ಕೂ ಇದೆ ಅಂತ ತೀರ್ಮಾನಿಸಿತು.

ನನಗೆ ಮಜಾ ಅನ್ನಿಸಿದ್ದು ಒಪ್ಪದ ನ್ಯಾಯಮೂರ್ತಿ ಸ್ಕಾಲಿಯಾ ಅವರ ಗೊಣಗಾಟ. ಟಿಪ್ಪಣಿ ಕೊಡಬಾರದು ಅನ್ನೋರ ಪರವಾಗಿ 14 ಲಿಖಿತ ಹೇಳಿಕೆ ಬಂದಿವೆ, ಬಹುತೇಕ ಇಂಥಿಂಥ ವೃತ್ತಿ ಸಂಘಗಳವು. ಇನ್ನೊಂದು ಕಡೆಗೆ ಒಂದೂ ಇಲ್ಲ ಅಂತ. ಅವರದ್ದು ದೂರು. ನನಗೋ, ಸಂಘ ಇರಬೇಕಾದ್ದೇ ಇದಕ್ಕೆ ಅನ್ನಿಸಿತು. ಆ ಪಟ್ಟಿಯಲ್ಲಿ ಅಮೆರಿಕದ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘವೂ ಇತ್ತು. 1955ರಲ್ಲಿ ಏಳು ಸಂಘಗಳು ಸೇರಿ ಆದದ್ದು. 1960ರಲ್ಲೇ ನೀತಿಸಂಹಿತೆ ಬರೆದುಕೊಂಡಿತ್ತು. ಲೈಸೆನ್ಸ್ ಕೊಡೋದು ಅದಲ್ಲ, ರಾಜ್ಯಗಳ ಬೋರ್ಡು. ಆದರೆ ಅಂಥ ಕಾನೂನು ಬೇಕು ಅಂತ ಬೆನ್ನು ಹತ್ತಿದ್ದರಲ್ಲಿ ಸಂಘದ ಪಾಲು ದೊಡ್ಡದು.

ನಮ್ಮಲ್ಲಿ? ಮುಂಬಯಿಯಲ್ಲಿ ಸಮಾಜಕಾರ್ಯದ ಶಾಲೆ ಶುರುವಾದದ್ದು 1936ರಲ್ಲಿ, ಈಗಿನ ಟಿಸ್ಸ್. ಸಂಘಗಳು ಹುಟ್ಟಿ ಸೊರಗಿದ್ದೂ ಉಂಟು. 2005ರಲ್ಲಿ ಭಾರತದ ವೃತ್ತಿಪರ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ ಶುರುವಾಯಿತು. 2021ರ ಆರೋಗ್ಯ ವೃತ್ತಿಗಳ ಕಾಯಿದೆ ಆಸ್ಪತ್ರೆಯ, ಮನೋವೈದ್ಯಕೀಯದ ಸಮಾಜಕಾರ್ಯಕರ್ತರನ್ನು ಪಟ್ಟಿಗೆ ಸೇರಿಸಿಕೊಂಡಿದೆ. ಬಾಲಮಂದಿರದಲ್ಲೋ ಹಳ್ಳಿಯ ಎನ್‌ಜಿಓದಲ್ಲೋ ಇರುವವರ ಕತೆ ಬೇರೆ. ಹಾಗೆ ನೋಡಿದರೆ ಸಾಫ್ಟ್‌ವೇರಿನವರಾದ ನಮಗೂ ಲೈಸೆನ್ಸಿಲ್ಲ. ಆದರೆ ನನ್ನ ಡೆಸ್ಕಿಗೆ ಬಂದು ಯಾರೂ ಅಳುತ್ತಾ ಮನೆಯ ಗುಟ್ಟು ಹೇಳೋದಿಲ್ಲವಲ್ಲ.

ಸಂಘ ಅಂದರೆ ನಮ್ಮ ಕಡೆ ಶಾಲು, ಹಾರ, ಸನ್ಮಾನ. ಅಕ್ಕನಿಗೆ ಅದನ್ನೇ ಹೇಳಿ ರೇಗಿಸಿದೆ. "ಶಾಲು ನೀನೇ ಹೊದ್ಕೋ. ನನಗೆ ಬೇಕಿದ್ದಿದ್ದು ಲೆಟರ್‌ಹೆಡ್ಡಲ್ಲಿ ನಾಲ್ಕು ಸಾಲು" ಅಂದಳು.

ಈಗ ಹಳೆಯ ಕ್ಲಾಸ್‌ಮೇಟುಗಳನ್ನು ಹಿಡಿದು ಜಿಲ್ಲೆಗೊಂದು ಸಂಘ ಮಾಡಲು ಹೊರಟಿದ್ದಾಳೆ. ನೋಂದಣಿಗೆ ಏಳು ಜನ ಬೇಕು, ಐದು ಜನ ಆಗಿದ್ದಾರೆ. ಬೈಲಾದ ಕರಡು ನುಡಿಯಲ್ಲಿ ಟೈಪ್ ಮಾಡಿ, ಯೂನಿಕೋಡಿಗೆ ಬದಲಾಯಿಸಿಕೊಡು ಅಂತ ನನಗೆ ಕಳಿಸಿದ್ದಳು. ಗುಟ್ಟು ಕಾಯುವ ಸದಸ್ಯರ ಬೆನ್ನಿಗೆ ಸಂಘ ನಿಲ್ಲಬೇಕು ಅನ್ನೋದು ಒಂಬತ್ತನೇ ಕಲಮಿನಲ್ಲಿತ್ತು. ಅದನ್ನು ಮೇಲಕ್ಕೆ ತಗೋ ಅಂತ ಬರೆದು ವಾಪಸ್ ಕಳಿಸಿದ್ದೇನೆ. ಸನ್ಮಾನದ ಕಲಮು ಇನ್ನೂ ಸೇರಿಲ್ಲ, ಸದ್ಯ!