ದಾಸೋಹದ ತಾಟು

ಪ್ರಸಾದವೆಂದ ಮೇಲೆ ಅದರ ಗುಣದೋಷಗಳನ್ನು ವಿಚಾರಿಸಬಾರದೆಂಬ ಭಾವನೆ ನಮ್ಮಲ್ಲಿ ಹಲವರಿಗುಂಟು. ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ಭಾವನೆಯೂ ಅದೇ ಆಗಿತ್ತು. ಅದನ್ನು ತಿದ್ದಿದವನು ನಮ್ಮ ಪ್ರಸಾದ ನಿಲಯದ ಹನ್ನೆರಡು ವರ್ಷದ ಬಾಲಕನೊಬ್ಬ.

ಒಂದು ದಿನ ಬೆಳಗಿನ ಪ್ರಾರ್ಥನೆಯಲ್ಲಿ ಆತನು ತಲೆಸುತ್ತಿ ಬಿದ್ದನು. ರಕ್ತ ಪರೀಕ್ಷಿಸಿದ ವೈದ್ಯರು ಹಿಮೋಗ್ಲೋಬಿನ್ ತೀರ ಕಡಿಮೆಯಿದೆಯೆಂದು ತಿಳಿಸಿ, ದಿನವೂ ಏನು ಉಣ್ಣುವೆಯೆಂದು ಕೇಳಿದರು. ಬಾಲಕನು ನಮ್ಮ ಮುಖ ನೋಡಿ, "ಎರಡೂ ಹೊತ್ತು ಅನ್ನ-ಸಾರು ರೀ, ಹೊಟ್ಟಿ ತುಂಬ ನೀಡ್ತಾರ" ಎಂದನು. ಅದರಲ್ಲಿ ದೂರು ಇರಲಿಲ್ಲ. ಆದುದರಿಂದಲೇ ಆ ಮಾತು ನಮ್ಮನ್ನು ಹೆಚ್ಚು ನೋಯಿಸಿತು.

ನಾವು ಇದೇ ನಿಲಯದಲ್ಲಿ ಓದುತ್ತಿದ್ದಾಗ ತಾಟಿನಲ್ಲಿ ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇರುತ್ತಿದ್ದವು. ಮಕ್ಕಳ ಸಂಖ್ಯೆ ಬೆಳೆದಂತೆ ರೊಟ್ಟಿ ಬಡಿಯುವ ಕೈಗಳು ಸಾಲದಾದವು. ಅನ್ನ ಮಾಡುವುದು ಸುಲಭ; ಬಿಳಿಯ ಅನ್ನವೇ ಗೌರವದ ಊಟವೆಂಬ ಭ್ರಮೆಯೂ ಜೊತೆಗೂಡಿತು. ಆ ಬದಲಾವಣೆಗೆ ಒಪ್ಪಿಗೆಯಿತ್ತವರು ನಾವೇ.

ಹೊಟ್ಟೆ ತುಂಬುವುದು ಬೇರೆ, ದೇಹ ಪೋಷಣೆಗೊಳ್ಳುವುದು ಬೇರೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನೊಡನೆ ನಾರೂ ಬಿ ಜೀವಸತ್ವಗಳೂ ಬಹುಮಟ್ಟಿಗೆ ಹೋಗುತ್ತವೆ. ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಕಡಿಮೆ. ಆ ಕೊರತೆಯನ್ನು ಬೇಳೆ ತುಂಬುತ್ತದೆ. ಸೊಪ್ಪು-ಕಾಳುಗಳ ಕಬ್ಬಿಣಾಂಶವು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಮೇಲೆ ನಿಂಬೆರಸ ಹಿಂಡಿದರೆ ಹತ್ತುತ್ತದೆ, ಊಟದೊಡನೆ ಚಹಾ ಕುಡಿದರೆ ಅಡ್ಡಿಯಾಗುತ್ತದೆ. ಶಾಕಾಹಾರಿಗಳಾದ ನಮಗೆ ಬಿ-12 ಜೀವಸತ್ವ ದೊರೆಯುವುದು ಮುಖ್ಯವಾಗಿ ಹಾಲು-ಮೊಸರುಗಳಿಂದ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, 2000 ಕ್ಯಾಲೊರಿಯ ಒಂದು ದಿನದ ಆಹಾರದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರ್ ಇರಬೇಕು. ಧಾನ್ಯಕ್ಕಿಂತ ತರಕಾರಿಯ ತೂಕವೇ ಹೆಚ್ಚು! ನಮ್ಮ ತಾಟಿನಲ್ಲಿ ಇದು ತಿರುಗುಮುರುಗಾಗಿತ್ತು.

ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳಿಂದಲೂ ಬದಲಾದ ಊಟದಿಂದಲೂ ಬಾಲಕನು ಕೆಲವು ತಿಂಗಳಲ್ಲಿ ಚೇತರಿಸಿಕೊಂಡನು. ಈಗ ನಿಲಯದಲ್ಲಿ ಒಂದು ಹೊತ್ತು ರೊಟ್ಟಿ, ದಿನವೂ ಸೊಪ್ಪು ಹಾಗೂ ಗಟ್ಟಿಬೇಳೆ, ರಾತ್ರಿ ಮಜ್ಜಿಗೆ ನಡೆದಿವೆ.

ಸದ್ಭಕ್ತರಲ್ಲಿ ನಮ್ಮದೊಂದು ಕೋರಿಕೆ. ದಾಸೋಹಕ್ಕೆ ಅಕ್ಕಿ-ಸಕ್ಕರೆಯ ಚೀಲಗಳನ್ನು ಭಕ್ತಿಯಿಂದ ತರುತ್ತೀರಿ. ಇನ್ನು ಮುಂದೆ ಅವುಗಳ ಬದಲು ಜೋಳ, ತೊಗರಿ, ಹೆಸರು, ನಿಮ್ಮ ಹೊಲದ ಒಂದು ಹೊರೆ ಸೊಪ್ಪು ತನ್ನಿರಿ. ಹಸಿದವನಿಗೆ ನೀಡಿದೆವೆಂಬ ತೃಪ್ತಿ ಸಾಲದು. ಉಂಡವನು ಎದ್ದು ನಿಲ್ಲುವನೇ ಎಂಬುದನ್ನೂ ನೀಡುವವನು ನೋಡಬೇಕು.